ಜಾರೋ ಮಠದ ಅವಶೇಷಗಳು



ಮಠವು ನಿಲ್ಲುವುದು ಕಲ್ಲಿನ ಗೋಡೆಗಳಿಂದಲೋ ವಿದ್ಯೆಯ ಪರಂಪರೆಯಿಂದಲೋ ಎಂಬ ಪ್ರಶ್ನೆಗೆ ಆಂಗ್ಲದೇಶದ ಎರಡು ಹಳೆಯ ಕ್ರೈಸ್ತ ಮಠಗಳ ವೃತ್ತಾಂತವು ಒಳ್ಳೆಯ ಉತ್ತರವನ್ನೀಯುವುದು.

ನಾರ್ತಂಬ್ರಿಯವೆಂಬ ಪ್ರಾಚೀನ ರಾಜ್ಯದಲ್ಲಿ ಬೆನೆಡಿಕ್ಟ್ ಬಿಸ್ಕಪ್ ಎಂಬ ಸನ್ಯಾಸಿಯು ಎಗ್‌ಫ್ರಿತ್ ಅರಸನಿತ್ತ ಭೂಮಿಯಲ್ಲಿ 674ರಲ್ಲಿ ವೇರ್‌ಮತ್ ಮಠವನ್ನೂ, ಕೆಲವು ವರ್ಷಗಳ ತರುವಾಯ ಜಾರೋ ಮಠವನ್ನೂ ಸ್ಥಾಪಿಸಿದನು. ಸ್ಥಳಗಳು ಎರಡಾದರೂ ಮಠವು ಒಂದೇ ಎಂದು ಅವರು ಭಾವಿಸಿದ್ದರು. ಜಾರೋವಿನ ದೇವಾಲಯದ ಪ್ರತಿಷ್ಠೆಯು 685ರ ಏಪ್ರಿಲ್ 23ರಂದು ನಡೆಯಿತೆಂಬುದಕ್ಕೆ ಅಲ್ಲಿಯ ಶಿಲಾಶಾಸನವು ಇಂದಿಗೂ ಸಾಕ್ಷಿಯಾಗಿರುವುದು.

ಏಳನೆಯ ವಯಸ್ಸಿನಲ್ಲಿಯೇ ಆ ಮಠವನ್ನು ಸೇರಿದ ಬೀಡ್ ಪಂಡಿತನು, ನಾಡಿನಲ್ಲಿ ಗಾಜಿನ ಕೆಲಸವನ್ನು ಬಲ್ಲವರಿಲ್ಲದಿದ್ದುದರಿಂದ ಬಿಸ್ಕಪ್ಪನು ಗಾಲ್ ದೇಶದಿಂದ ಕುಶಲಿಗಳನ್ನು ಕರೆಯಿಸಿ ಕಿಟಕಿಗಳಿಗೆ ಗಾಜು ಹಾಕಿಸಿದನೆಂದು ಬರೆದಿರುವನು. ಮುಂದೆ ಕಡಲ ದಾಳಿಗಳ ಕಾಲದಲ್ಲಿ ಮಠಗಳು ಕ್ಷೀಣಿಸಿ ಪಾಳುಬಿದ್ದವು. ಗ್ರಂಥದ ಮಾತು ಮಾತ್ರ ಉಳಿಯಿತು. 1959ರಿಂದ 1978ರ ವರೆಗಿನ ಅವಧಿಯಲ್ಲಿ ರೋಸ್‌ಮರಿ ಕ್ರಾಂಪ್ ಎಂಬ ವಿದುಷಿಯು ಎರಡು ಸ್ಥಳಗಳಲ್ಲಿಯೂ ಭೂಮಿಯನ್ನು ಅಗೆಯಿಸಿ ಶೋಧಿಸಲು, ಬಣ್ಣಬಣ್ಣದ ಕಿಟಕಿಗಾಜಿನ ಚೂರುಗಳು ದೊರೆತವು. ಜಾರೋವಿನಲ್ಲಿ ದೇವಾಲಯದ ದಕ್ಷಿಣಕ್ಕೆ ಸಾಲಾಗಿ ನಿಂತಿದ್ದ ಎರಡು ದೊಡ್ಡ ಕಲ್ಲುಕಟ್ಟಡಗಳ ತಳಪಾಯವೂ ಕಂಡಿತು. ಅವುಗಳಲ್ಲೊಂದು ಭೋಜನಶಾಲೆಯೆಂದು ಪಂಡಿತರು ಊಹಿಸುವರು. ಹೀಗೆ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಬೀಡನ ಮಾತಿಗೆ ಮಣ್ಣೇ ಪ್ರಮಾಣವಾಯಿತು. ಆ ಚೂರುಗಳಲ್ಲಿ ಕೆಲವನ್ನು ಜೋಡಿಸಿ ಜಾರೋ ದೇವಾಲಯದ ಪುರಾತನವಾದ ಕಿಟಕಿಯೊಂದರಲ್ಲಿ ಕೂಡಿಸಿದ್ದಾರೆ.

ಆದರೆ ಮಣ್ಣು ಹೇಳಲಾರದ ಸಂಗತಿಯೊಂದುಂಟು. 686ರ ಸುಮಾರಿಗೆ ಬಂದ ಮಹಾಮಾರಿಯಲ್ಲಿ ಜಾರೋ ಮಠದೊಳಗೆ ಓದಬಲ್ಲ, ಹಾಡಬಲ್ಲ ಸನ್ಯಾಸಿಗಳೆಲ್ಲರೂ ತೀರಿಹೋದರು. ಉಳಿದವರು ಮಠಾಧಿಪತಿಯಾದ ಕೆಯೋಲ್‌ಫ್ರಿತ್ ಮತ್ತು ಒಬ್ಬ ಬಾಲಕ. ಇಬ್ಬರಿಂದ ಪೂರ್ಣ ಪ್ರಾರ್ಥನೆಯು ಸಾಗದೆಂದು ಕೆಯೋಲ್‌ಫ್ರಿತನು ಸ್ತೋತ್ರಗಳ ನಡುವಣ ಪಲ್ಲವಿಗಳನ್ನು ಬಹುಮಟ್ಟಿಗೆ ಬಿಡಿಸಿದನು. ಒಂದು ವಾರವು ಕಳೆಯುವಷ್ಟರಲ್ಲಿ ಆ ಕೊರತೆಯನ್ನು ಸಹಿಸಲಾರದೆ ಕಣ್ಣೀರಿಟ್ಟು, ಹಿಂದಿನ ಕ್ರಮವನ್ನೇ ಮರಳಿ ಹಿಡಿದನು. ಹೊಸಬರು ಕಲಿತು ಸಿದ್ಧರಾಗುವ ತನಕ ಗುರುವೂ ಬಾಲಕನೂ ಬಹು ಶ್ರಮದಿಂದ ಅದನ್ನು ನಡೆಸಿದರು. ಆ ಬಾಲಕನೇ ಬೀಡನೆಂದು ಹಲವರ ಅಭಿಪ್ರಾಯ. ಆಂಗ್ಲಜನರ ಧರ್ಮೇತಿಹಾಸವನ್ನು 731ರಲ್ಲಿ ಬರೆದು ಮುಗಿಸಿದವನೂ ಬೀಡನೇ.

ಒಡೆದ ಗಾಜನ್ನು ಭೂಮಿಯು ಕಾಪಾಡಿ ಮರಳಿ ಕೊಟ್ಟಿತು. ಅಂದಿನ ಹಾಡು ಒಮ್ಮೆ ಮುರಿದಿದ್ದರೆ ಯಾವ ಅಗೆತದಿಂದಲೂ ಅದು ದೊರೆಯುತ್ತಿರಲಿಲ್ಲ. ಉತ್ಸವವನ್ನಾಚರಿಸುವ ಮಠವು ತನ್ನ ಗೋಡೆಗಳನ್ನೆಣಿಸುವ ಮುನ್ನ, ಪಾಠಶಾಲೆಯಲ್ಲಿ ಕುಳಿತ ಕೊನೆಯ ಬಾಲಕನನ್ನು ನೋಡುವುದು ಉಚಿತವು.