ಯೋಗದ ಮಣೆಯ ಮೇಲೆ ಕುಳಿತ ‘ನಾನು’



ಎರಡು ದಿನಗಳ ಈ ವಿಚಾರ ಸಂಕಿರಣಕ್ಕೆ ಅಹಂಕಾರವನ್ನು ವಿಷಯವಾಗಿ ಆರಿಸಿಕೊಂಡಿದ್ದೀರಿ. ಅಹಂಕಾರ ಕೆಟ್ಟದ್ದು, ಅದನ್ನು ಬಿಡಬೇಕು ಎಂದು ಹೇಳುವುದಕ್ಕೆ ವಿಚಾರ ಸಂಕಿರಣ ಬೇಕಿಲ್ಲ. ಹರಿಕಥೆಯಲ್ಲಿ, ಮಠದ ಪ್ರವಚನದಲ್ಲಿ, ಮನೆಯ ಹಿರಿಯರ ಬಾಯಲ್ಲಿ ಆ ಮಾತನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ನನ್ನ ಪ್ರಶ್ನೆ ಅದಲ್ಲ. ಯೋಗ ಮಾಡುವವರಲ್ಲಿ, ಯೋಗ ಕಲಿಸುವವರಲ್ಲಿ ಈ ಅಹಂಕಾರ ಏನಾಗುತ್ತದೆ? ಕರಗುತ್ತದೆಯೋ, ಜಾಗ ಬದಲಿಸುತ್ತದೆಯೋ? ಈ ಪ್ರಶ್ನೆಯನ್ನು ನಮ್ಮ ಮೇಲೆಯೇ ಹಾಕಿಕೊಳ್ಳದೆ ಬೇರೆಯವರ ಅಹಂಕಾರದ ಚಿಕಿತ್ಸೆಗೆ ಹೊರಡುವ ಅರ್ಹತೆ ನಮಗಿಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಅಹಂಕಾರದ ಕೆಲಸ ಏನೆಂದು ನೋಡೋಣ. ಸಾಂಖ್ಯಕಾರಿಕೆಗೆ ವಾಚಸ್ಪತಿ ಮಿಶ್ರ ಬರೆದ ‘ಸಾಂಖ್ಯತತ್ತ್ವಕೌಮುದಿ’ ಎಂಬ ವ್ಯಾಖ್ಯಾನದಲ್ಲಿ ಒಂದು ಸೊಗಸಾದ ಉದಾಹರಣೆ ಬರುತ್ತದೆ. ಮಬ್ಬು ಬೆಳಕು. ಎದುರಿಗೆ ಏನೋ ಇದೆ ಎಂದಷ್ಟೇ ಕಣ್ಣಿಗೆ ತೋರುತ್ತದೆ. ಮನಸ್ಸು ಅದರ ಮೇಲೆ ನೆಟ್ಟಾಗ, ಬಿಲ್ಲಿಗೆ ಬಾಣ ಹೂಡಿ ಕಿವಿಯವರೆಗೆ ಸೆಳೆದು ನಿಂತ ದರೋಡೆಕೋರ ಅವನು ಎಂದು ಗೊತ್ತಾಗುತ್ತದೆ. ಆಮೇಲಿನದು ಅಹಂಕಾರದ ಕೆಲಸ: ಇವನು ಬರುತ್ತಿರುವುದು ನನ್ನ ಮೇಲೆಯೇ. ಕೊನೆಗೆ ಬುದ್ಧಿ ನಿಶ್ಚಯಿಸುತ್ತದೆ: ಇಲ್ಲಿಂದ ಓಡಬೇಕು. ಕಣ್ಣು, ಮನಸ್ಸು, ಅಹಂಕಾರ, ಬುದ್ಧಿ, ಹೀಗೆ ನಾಲ್ಕು ಹೆಜ್ಜೆ. ಮೂರನೆಯ ಹೆಜ್ಜೆ ಬಿಟ್ಟುಹೋಗಿದ್ದರೆ ಆ ಮನುಷ್ಯ ಬಾಣ ತಗಲುವವರೆಗೂ ನಿಂತು ನೋಡುತ್ತಲೇ ಇರುತ್ತಿದ್ದ.

ಇದರಿಂದ ತಿಳಿಯುವುದೇನೆಂದರೆ, ಸಾಂಖ್ಯರಿಗೆ ಅಹಂಕಾರ ಒಂದು ತತ್ತ್ವ. ಪ್ರಕೃತಿಯಿಂದ ಮಹತ್ತು, ಮಹತ್ತಿನಿಂದ ಅಹಂಕಾರ, ಅದರಿಂದ ಒಂದು ಕಡೆ ಮನಸ್ಸೂ ಸೇರಿ 11 ಇಂದ್ರಿಯಗಳು, ಇನ್ನೊಂದು ಕಡೆ 5 ತನ್ಮಾತ್ರೆಗಳು ಹುಟ್ಟುತ್ತವೆ. ಅಭಿಮಾನ ಅದರ ಲಕ್ಷಣ. ಬಂದದ್ದನ್ನೆಲ್ಲ ‘ಇದು ನನ್ನದು, ನನಗೆ ಸಂಬಂಧಿಸಿದ್ದು’ ಎಂದು ಹಚ್ಚಿಕೊಳ್ಳುವುದು ಅದರ ಹುಟ್ಟುಗುಣ. ಅದು ಇಲ್ಲದೆ ಹಸಿದ ಮಗುವಿಗೆ ಅಳುವುದೂ ಗೊತ್ತಾಗುವುದಿಲ್ಲ.

ತೊಂದರೆ ಶುರುವಾಗುವುದು ಬಿಲ್ಲುಬಾಣ ಇಲ್ಲದ ಕಡೆಯೂ ಅದೇ ಯಂತ್ರ ಓಡತೊಡಗಿದಾಗ. ಒಂದು ಸಮಾರಂಭದ ಆಹ್ವಾನ ಪತ್ರಿಕೆ ವಾಟ್ಸಾಪಿಗೆ ಬರುತ್ತದೆ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ಬೆರಳು ಪತ್ರಿಕೆಯನ್ನು ಹಿಗ್ಗಿಸಿ ಕೆಳಕ್ಕೆ ಸರಿಸುತ್ತದೆ. ಕಣ್ಣು ಒಂದೇ ಹೆಸರನ್ನು ಹುಡುಕುತ್ತಿದೆ. ಹೆಸರು ಇದೆ, ಆದರೆ ಸೇವೆಯಲ್ಲಿ ಕಿರಿಯರಾದವರೊಬ್ಬರ ಹೆಸರಿನ ಕೆಳಗೆ. ಎದೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. ದರೋಡೆಕೋರನನ್ನು ಕಂಡಾಗ ದೇಹ ಏನು ಮಾಡುತ್ತದೋ ಅದನ್ನೇ ಇಲ್ಲೂ ಮಾಡುತ್ತದೆ. ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಮುಂದಿನ ಹೆಜ್ಜೆ. ಬುದ್ಧಿ ತಡಮಾಡದೆ ಅಹಂಕಾರದ ಪರ ವಕಾಲತ್ತು ವಹಿಸುತ್ತದೆ: ‘ನನಗೇನೂ ಬೇಸರವಿಲ್ಲ, ಆದರೆ ಪದ್ಧತಿ ಅಂತ ಒಂದಿದೆಯಲ್ಲ, ಇದು ವಿಭಾಗದ ಗೌರವದ ಪ್ರಶ್ನೆ.’ ಹೀಗೆ ನ್ಯಾಯ, ಪದ್ಧತಿ, ಸಂಸ್ಥೆಯ ಘನತೆ ಎಲ್ಲವೂ ‘ನನಗೆ ನೋವಾಯಿತು’ ಎಂಬ ಒಂದೇ ಮಾತಿನ ಮೇಲೆ ಹೊದಿಸಿದ ಹೊದಿಕೆಗಳಾಗುತ್ತವೆ. ಆ ಮಾತನ್ನು ಇದ್ದಹಾಗೆಯೇ ತನ್ನೊಳಗೆ ಒಮ್ಮೆ ಹೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪತಂಜಲಿ ಇದನ್ನು ಅಸ್ಮಿತೆ ಎಂಬ ಹೆಸರಿನಲ್ಲಿ ಐದು ಕ್ಲೇಶಗಳ ಸಾಲಿನಲ್ಲಿ ಇಡುತ್ತಾನೆ: ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ನೋಡುವವನು ಬೇರೆ, ನೋಡಲು ಬಳಸುವ ಉಪಕರಣ ಬೇರೆ. ಎರಡೂ ಒಂದೇ ಎಂಬಂತೆ ತೋರುವುದು ಅಸ್ಮಿತೆ. ಜಾಣ ಬುದ್ಧಿ ಇರುವವನು ‘ನಾನೇ ಜಾಣ’ ಎಂದುಕೊಳ್ಳುತ್ತಾನೆ. ಬೆನ್ನು ಚೆನ್ನಾಗಿ ಬಾಗುವವನು ‘ನಾನೇ ಯೋಗಿ’ ಎಂದುಕೊಳ್ಳುತ್ತಾನೆ. ಕ್ಲೇಶಗಳಿಗೆ ನಾಲ್ಕು ಅವಸ್ಥೆಗಳನ್ನೂ ಹೇಳಿದ್ದಾನೆ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಮಲಗಿರುವುದು, ತೆಳುವಾಗಿರುವುದು, ಇನ್ನೊಂದರ ಮರೆಯಲ್ಲಿ ತಾತ್ಕಾಲಿಕವಾಗಿ ತಡೆದು ನಿಂತಿರುವುದು, ಪೂರ್ತಿ ಹರಡಿಕೊಂಡಿರುವುದು. ಮೂರನೆಯದಕ್ಕೆ ವ್ಯಾಸಭಾಷ್ಯ ಕೊಡುವ ಉದಾಹರಣೆ ನೇರವಾಗಿದೆ: ಚೈತ್ರ ಒಬ್ಬ ಹೆಣ್ಣಿನಲ್ಲಿ ಅನುರಕ್ತ ಎಂದಮಾತ್ರಕ್ಕೆ ಉಳಿದವರಲ್ಲಿ ವಿರಕ್ತ ಎಂದು ತಿಳಿಯಬಾರದು. ನಮ್ಮಲ್ಲಿ ವಿನಯವೆಂದು ಕರೆಸಿಕೊಳ್ಳುವ ಬಹುಪಾಲು ಈ ವಿಚ್ಛಿನ್ನ ಅವಸ್ಥೆಯೇ. ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತವನ ಅಹಂಕಾರ ಎಲ್ಲೂ ಹೋಗಿರುವುದಿಲ್ಲ, ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಇಳಿಯುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಯೋಕೆನ್ ಗೆಬಾವರ್ ಮತ್ತು ಸಂಗಡಿಗರು 2018ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 93 ಯೋಗ ವಿದ್ಯಾರ್ಥಿಗಳನ್ನು 15 ವಾರ, 162 ಧ್ಯಾನಾಭ್ಯಾಸಿಗಳನ್ನು 4 ವಾರ ಗಮನಿಸಿದ ಅಧ್ಯಯನ ಅದು. ಯೋಗ ತರಗತಿ ಮುಗಿದ ಹೊತ್ತಿನಲ್ಲಿ, ಹಾಗೂ ಯೋಗ ಮಾಡದ ದಿನಗಳಲ್ಲಿ, ಅದೇ ವ್ಯಕ್ತಿ ತನ್ನ ಬಗ್ಗೆ ಏನೆಂದುಕೊಳ್ಳುತ್ತಾನೆ ಎಂದು ಅಳೆದರು. ತರಗತಿಯ ಸಾಮಾನ್ಯ ವಿದ್ಯಾರ್ಥಿಗಿಂತ ನಾನು ಮೇಲು ಎಂಬ ಭಾವ ಯೋಗದ ನಂತರ ಇಳಿದಿರಲಿಲ್ಲ, ಏರಿತ್ತು. ಧ್ಯಾನದಲ್ಲೂ ಹಾಗೆಯೇ. ಅಭ್ಯಾಸದಿಂದ ಸಿಗುವ ನೆಮ್ಮದಿಗೂ ಈ ಸ್ವಪ್ರಶಂಸೆಗೂ ನಂಟಿದೆ ಎಂಬುದನ್ನೂ ಅವರು ತೋರಿಸಿದರು.

‘ಅದು ನಿಜವಾದ ಯೋಗವೇ ಅಲ್ಲ, ಪಾಶ್ಚಾತ್ಯರ ಕಸರತ್ತು’ ಎಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕುವಾಗ ನಮ್ಮೊಳಗೆ ಏಳುವುದೂ ಅದೇ ‘ನಾವು ಮೇಲು’ ಎಂಬ ಭಾವ ಅಲ್ಲವೇ? ಆ ಅಧ್ಯಯನಕ್ಕೆ ಮಿತಿಗಳಿವೆ. ಅಲ್ಪಕಾಲದ್ದು, ದೀರ್ಘ ಸಾಧಕರ ಬಗ್ಗೆ ಅದು ಕೊನೆಯ ಮಾತಲ್ಲ. ಆದರೂ ನಮ್ಮ ಪರಂಪರೆಗೆ ಅದರ ಫಲಿತಾಂಶ ಹೊಸದೇನೂ ಅಲ್ಲ. ಪತಂಜಲಿಯ ವಿಭೂತಿಪಾದದಲ್ಲಿ, ಎತ್ತರಕ್ಕೇರಿದ ಯೋಗಿಯನ್ನು ದೇವತೆಗಳೇ ಆದರದಿಂದ ಕರೆದಾಗಲೂ ಅವನು ಅದಕ್ಕೆ ಅಂಟಿಕೊಳ್ಳಬಾರದು, ಅದರಿಂದ ಬೀಗಬಾರದು ಎಂಬ ಎಚ್ಚರಿಕೆ ಇದೆ. ಸಂಪ್ರಜ್ಞಾತ ಸಮಾಧಿಯಲ್ಲಿ ವಿತರ್ಕ, ವಿಚಾರ, ಆನಂದ ಎಲ್ಲ ದಾಟಿದ ಮೇಲೂ ಅಸ್ಮಿತೆ ಉಳಿದಿರುತ್ತದೆ. ಅಲ್ಲಿಯವರೆಗೂ ಜೊತೆಗೆ ಬರುವಂಥದ್ದು ಬೆಳಗಿನ ಒಂದು ಗಂಟೆಯ ತರಗತಿಯಲ್ಲಿ ಬಾಗಿಲ ಹೊರಗೇ ನಿಂತಿರುತ್ತದೆ ಎಂದು ನಂಬುವುದು ಹೇಗೆ?

ಕನ್ನಡದಲ್ಲಿ ಇದಕ್ಕೆ ಅಲ್ಲಮ ಮತ್ತು ಗೋರಕ್ಷರ ಪ್ರಸಂಗಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು. ಚಾಮರಸನ ‘ಪ್ರಭುಲಿಂಗಲೀಲೆ’ ಓದಿದವರಿಗೆ ಅದು ಮರೆಯುವುದಿಲ್ಲ. ಗೋರಕ್ಷ ಹಠಯೋಗದಿಂದ ದೇಹವನ್ನು ವಜ್ರವಾಗಿಸಿಕೊಂಡವನು. ಕತ್ತಿಯಿಂದ ಹೊಡೆದರೆ ಖಣಿಲ್ ಎಂದು ಸದ್ದಾಗುತ್ತದೆಯೇ ಹೊರತು ಗಾಯವಾಗುವುದಿಲ್ಲ. ಅದೇ ಕತ್ತಿಯನ್ನು ಅವನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಆಚೆಗೆ ಹಾದುಹೋಗುತ್ತದೆ. ತಡೆಯಲು ಅಲ್ಲಿ ಏನೂ ಇಲ್ಲ. ಗೋರಕ್ಷನದು ಸುಳ್ಳು ಸಾಧನೆಯಾಗಿರಲಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿ ಪಡೆದದ್ದು. ಅದಕ್ಕೇ ಅವನ ‘ನಾನು’ ಅಷ್ಟು ಗಟ್ಟಿ. ಕೆಲಸಕ್ಕೆ ಬಾರದ ವಸ್ತುವಿನ ಮೇಲೆ ಅಹಂಕಾರ ಮನೆ ಕಟ್ಟುವುದಿಲ್ಲ. ನಮ್ಮಲ್ಲಿರುವ ಅತ್ಯುತ್ತಮವಾದದ್ದನ್ನೇ ಆರಿಸಿಕೊಳ್ಳುತ್ತದೆ.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಆಧುನಿಕ ಯೋಗದ ತವರುಗಳಲ್ಲಿ ಮೈಸೂರೂ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲೇ ಪ್ರಕಟಿಸಿದರು. ಜನ ಯೋಗವನ್ನು ಮರೆತಿದ್ದ ಆ ಕಾಲದಲ್ಲಿ ಊರೂರಿನಲ್ಲಿ ಪ್ರದರ್ಶನಗಳು ನಡೆದವು. ಅದು ಆಗಿನ ಅಗತ್ಯವಾಗಿತ್ತು, ಆ ಶ್ರಮಕ್ಕೆ ನಾವೆಲ್ಲ ಋಣಿಗಳು. ಇವತ್ತು ಯೋಗಕ್ಕೆ ಜನರ ಕೊರತೆಯಿಲ್ಲ, ಪ್ರದರ್ಶನ ಮಾತ್ರ ನಿಂತಿಲ್ಲ. ಶವಾಸನದಲ್ಲಿ ಮಲಗಿದವರ ಫೋಟೊ ಕೂಡ ಸ್ಟೇಟಸ್ಸಿಗೆ ಏರುತ್ತಿದೆ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಹಾಗಾದರೆ ಅಹಂಕಾರದ ನಿರ್ವಹಣೆ ಎಂದರೇನು? ಪತಂಜಲಿ ಕ್ಲೇಶವನ್ನು ಒಂದೇ ಏಟಿಗೆ ಕೊಲ್ಲು ಎನ್ನುವುದಿಲ್ಲ. ಮೊದಲು ತೆಳುವಾಗಿಸು ಎನ್ನುತ್ತಾನೆ. ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಈ ಮೂರೂ ಸೇರಿದ ಕ್ರಿಯಾಯೋಗ ಇರುವುದೇ ಅದಕ್ಕೆ. ತಪಸ್ಸು ಮಾತ್ರ ಹಿಡಿದು ಉಳಿದೆರಡನ್ನು ಬಿಟ್ಟರೆ ಗೋರಕ್ಷನ ದೇಹ ಸಿಗುತ್ತದೆ. ಈಶ್ವರಪ್ರಣಿಧಾನಕ್ಕೆ ದಿನನಿತ್ಯದ ರೂಪ ಕೊಡಲು ಗೀತೆಯ ಹದಿನೆಂಟನೆಯ ಅಧ್ಯಾಯ ನನಗೆ ತುಂಬ ಉಪಯುಕ್ತವಾಗಿ ಕಂಡಿದೆ. ಯಾವ ಕೆಲಸಕ್ಕೂ ಐದು ಕಾರಣಗಳು ಎಂದು ಅಲ್ಲಿ ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಚೇಷ್ಟೆಗಳು, ದೈವ. ಒಂದು ತರಗತಿ ಚೆನ್ನಾಗಿ ನಡೆದ ದಿನ ಶಿಕ್ಷಕರು ಐದು ನಿಮಿಷ ಕುಳಿತು ಈ ಐದನ್ನೂ ಎಣಿಸಬಹುದು. ದೇಹ ಸ್ವಸ್ಥವಾಗಿತ್ತು. ಧ್ವನಿ ಕೈಕೊಡಲಿಲ್ಲ. ಕಲಿಸಿದ ಕ್ರಮ ಗುರುಗಳಿಂದ ಬಂದದ್ದು. ವಿದ್ಯಾರ್ಥಿಗಳು ನಿದ್ದೆಗೆಟ್ಟು ಬಂದಿದ್ದರು. ಮಳೆ ಬರಲಿಲ್ಲ. ಇಷ್ಟನ್ನೂ ಕಳೆದ ಮೇಲೆ ‘ನಾನು ಮಾಡಿದೆ’ ಎನ್ನಲು ಉಳಿಯುವ ಪಾಲು ಎಷ್ಟೆಂದು ನೋಡಿ, ಸೊನ್ನೆಯಾಗುವುದಿಲ್ಲ, ತೆಳುವಾಗುತ್ತದೆ. ಇನ್ನೊಂದು ಅಭ್ಯಾಸ ಮುದಿತಾ: ಜೊತೆಯವರ ಏಳಿಗೆಯಲ್ಲಿ ಸಂತೋಷಪಡುವುದು. ಪಕ್ಕದ ಬೀದಿಯ ಯೋಗಕೇಂದ್ರಕ್ಕೆ ನಮಗಿಂತ ಹೆಚ್ಚು ಜನ ಸೇರಿದ ದಿನ ಇದರ ಪರೀಕ್ಷೆ ನಡೆಯುತ್ತದೆ.

ಆಪ್ತಸಮಾಲೋಚಕರಿಗೆ ಒಂದು ಕಳಕಳಿಯ ಮಾತು. ಫ್ರಾಯ್ಡ್ 1923ರ ಗ್ರಂಥದಲ್ಲಿ ವಿವರಿಸಿದ ಈಗೋ ಎಂಬುದು ವಾಸನೆಗಳು, ಒಳಗಿನ ನ್ಯಾಯಾಧೀಶ, ಹೊರಗಿನ ವಾಸ್ತವ ಈ ಮೂರನ್ನೂ ಸಂಭಾಳಿಸುವ ಶಕ್ತಿ. ಅದು ದುರ್ಬಲವಾದವರು ನಿಮ್ಮ ಮುಂದೆ ಬಂದು ಕೂರುತ್ತಾರೆ. ವರ್ಷಗಟ್ಟಲೆ ಹೊಡೆತ, ಬೈಗುಳ ತಿಂದು ‘ನಾನು ಯಾವುದಕ್ಕೂ ಬಾರದವಳು’ ಎನ್ನುವ ಹೆಣ್ಣುಮಗಳಿಗೆ ‘ಅಹಂಕಾರ ಬಿಡಮ್ಮ’ ಎಂದು ಉಪದೇಶಿಸುವುದು ಕ್ರೌರ್ಯ. ಆಕೆಗೆ ಬಾಣ ತನ್ನ ಮೇಲೆಯೇ ಬರುತ್ತಿದೆ ಎಂದು ಗುರುತಿಸುವ ಶಕ್ತಿ ಮೊದಲು ಬೇಕು. ‘ನಾನು ಕೈಲಾಗದವಳು’ ಎಂಬುದೂ ಅಸ್ಮಿತೆಯೇ, ನಿಜ. ಆದರೆ ಅದನ್ನು ಬಿಡಿಸುವ ದಾರಿ ಆಕೆಯನ್ನು ಎತ್ತಿ ನಿಲ್ಲಿಸುವುದು.

ಈ ಎರಡು ದಿನಗಳ ಗೋಷ್ಠಿಗಳಿಂದ ನಾನು ಬಯಸುವುದು ಎರಡೇ. ಕನ್ನಡ ಮಾತನಾಡುವ ದೀರ್ಘಕಾಲದ ಸಾಧಕರಲ್ಲಿ ಅಸ್ಮಿತೆ ತೆಳುವಾಗಿದೆಯೇ ಎಂದು ಅಳೆಯುವ ಪ್ರಶ್ನಾವಳಿಯನ್ನು ಯೋಗ ಮತ್ತು ಮನಶ್ಶಾಸ್ತ್ರ ವಿಭಾಗಗಳು ಕೂಡಿ ರೂಪಿಸಲಿ; ಸಾಧಕರು ತಮ್ಮ ಬಗ್ಗೆ ಹೇಳುವುದನ್ನಷ್ಟೇ ನಂಬದೆ, ಅವರ ಮನೆಯವರನ್ನೂ ಸಹೋದ್ಯೋಗಿಗಳನ್ನೂ ಕೇಳಲಿ. ಎರಡನೆಯದು ಗುರು ಶಿಷ್ಯರ ನಡುವಿನದು. ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ‘ಇದು ನಿನ್ನ ಅಹಂಕಾರ’ ಎಂದು ಬಾಯಿ ಮುಚ್ಚಿಸುವ ಅಧಿಕಾರ ಯಾವ ಗುರುವಿಗೂ ಇಲ್ಲ ಎಂಬುದು ನನ್ನ ಖಚಿತ ನಿಲುವು. ಆ ಮಾತಿನ ಮರೆಯಲ್ಲಿ ಯುವಕ ಯುವತಿಯರ ಶೋಷಣೆ ನಡೆಯುವ ಸಾಧ್ಯತೆ ಇದೆ. ಯೋಗ ಶಿಕ್ಷಕರ ಆಚಾರಸಂಹಿತೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅದರ ಕರಡು ನಾಳೆಯ ಸಮಾರೋಪದೊಳಗೆ ಸಿದ್ಧವಾಗಲಿ. ಅದನ್ನು ಬರೆಯುವ ಸಮಿತಿಯಲ್ಲಿ ವಿದ್ಯಾರ್ಥಿಗಳೂ ಇರಲಿ.