ದೃಷ್ಟಿಹೀನರ ಸಂಚಾರವೂ ಭಕ್ತರ ಕರ್ತವ್ಯವೂ



ಕಣ್ಣಿಲ್ಲದವನಿಗೆ ಅನ್ನವಿಕ್ಕುವದು ಪುಣ್ಯವೆಂದು ಎಲ್ಲರೂ ಬಲ್ಲರು. ಆದರೆ ಅವನು ಅನ್ನದ ಪಂಕ್ತಿಯವರೆಗೆ ತನ್ನ ಕಾಲಿನಿಂದ ತಾನೇ ನಡೆದುಬರಲು ದಾರಿ ಬಿಟ್ಟುಕೊಡುವದೂ ಅಷ್ಟೇ ಪುಣ್ಯದ ಕಾರ್ಯವೆಂಬದನ್ನು ಬಲ್ಲವರು ವಿರಳ. ಕಾಯಕವನ್ನು ಮಾಡಬೇಕಾದರೆ ಮನೆಯಿಂದ ಹೊರಡಬೇಕು. ಹೊರಡಲು ದಾರಿಯೇ ಇಲ್ಲದವನಿಗೆ ಕಾಯಕವು ದುರ್ಲಭ. ಕಾಯಕವಿಲ್ಲದವನಿಗೆ ದಾಸೋಹದ ಭಾಗ್ಯವೂ ದುರ್ಲಭ. ಅವನು ಕೊಡುವವನಾಗದೆ ಜೀವಮಾನವಿಡೀ ಬೇಡುವವನಾಗಿಯೇ ಉಳಿಯುವನು. ಆದುದರಿಂದ ಅಂಧರ ಸಂಚಾರದ ವಿಚಾರವು ಬರಿಯ ಸೌಕರ್ಯದ ವಿಚಾರವಲ್ಲ, ಧರ್ಮದ ವಿಚಾರವಾಗಿದೆ.

ಈ ನಾಡಿನ ಮಠಗಳಿಗೆ ಈ ಮಾತು ಹೊಸದಲ್ಲ. 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಅಂಧರು. ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರು ಆ ಬಾಲಕನ ಕುರುಡನ್ನೆಣಿಸದೆ ಕಂಠವನ್ನು ಗುರುತಿಸಿ ಸಂಗೀತವಿದ್ಯೆಯನ್ನು ಕೊಡಿಸಿದರು. ಗವಾಯಿಗಳು ಶಿಷ್ಯಸಮುದಾಯದೊಡನೆ ಊರೂರು ಸಂಚರಿಸಿ ವಿದ್ಯಾದಾನವನ್ನು ಮಾಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಯಿಲ್ಲದವರೇ. ಸಂಚಾರವು ಜಂಗಮದ ಲಕ್ಷಣವಾದರೆ ಈ ಈರ್ವರನ್ನೂ ಜಂಗಮರೆಂದೇ ಕರೆಯಬೇಕಲ್ಲದೆ ದೀನರೆಂದು ಕರೆಯಲಾಗದು.

ಕಣ್ಣಿಲ್ಲದೆ ನಡೆಯುವ ಬಗೆಯೆಂತು? ಅಂಧನು ಕಿವಿಯಿಂದ ಬೀದಿಯ ಅಗಲವನ್ನು ಅರಿಯುವನು. ಪಾದದಿಂದ ನೆಲದ ಏರುತಗ್ಗನ್ನು ಅರಿಯುವನು. ಹಿಟ್ಟಿನ ಗಿರಣಿಯ ಸದ್ದು, ಹೂವಿನಂಗಡಿಯ ವಾಸನೆ ಇವೇ ಅವನಿಗೆ ದಾರಿಯ ಗುರುತುಗಳು. ಇವೆಲ್ಲಕ್ಕೂ ಮಿಗಿಲಾದದ್ದು ಕೈಯ ಕೋಲು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ದೃಷ್ಟಿ ಕಳೆದುಕೊಂಡ ಜೇಮ್ಸ್ ಬಿಗ್ಸ್ ಎಂಬವರು, ಗಾಡಿ ಹೊಡೆಯುವವರಿಗೆ ತಾವು ಕಾಣಬೇಕೆಂದು ಕೋಲಿಗೆ ಬಿಳಿಯ ಬಣ್ಣ ಬಳಿದರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಕುರುಡರಾದ ಸೈನಿಕರಿಗಾಗಿ ಅಮೇರಿಕೆಯ ರಿಚರ್ಡ್ ಹೂವರ್ ಎಂಬವರು ಉದ್ದನೆಯ ಕೋಲಿನ ಕ್ರಮವನ್ನು ರೂಪಿಸಿದರು. ಎಡಗಾಲು ಮುಂದಾದಾಗ ಕೋಲು ಬಲಕ್ಕೆ, ಬಲಗಾಲು ಮುಂದಾದಾಗ ಎಡಕ್ಕೆ. ಹೀಗೆ ಮುಂದಿನ ಹೆಜ್ಜೆ ಬೀಳುವ ನೆಲವನ್ನು ಕೋಲು ಮೊದಲೇ ಮುಟ್ಟಿ ನೋಡುವದು. ಜಪಾನಿನ ಸೇಯಿಚಿ ಮಿಯಾಕೆ ಎಂಬವರು ಉಬ್ಬುಗುರುತಿನ ನೆಲಗಲ್ಲುಗಳನ್ನು ಕಲ್ಪಿಸಿದರು. 1967ರಲ್ಲಿ ಅವನ್ನು ಒಕಾಯಾಮಾ ನಗರದಲ್ಲಿ ಮೊದಲು ಹಾಸಲಾಯಿತು. ಉದ್ದ ಗೆರೆಗಳು ಮುಂದೆ ಸಾಗೆಂದೂ, ದುಂಡು ಗುಬುಟುಗಳು ಎಚ್ಚರವೆಂದೂ ಪಾದಕ್ಕೆ ಹೇಳುವವು. ರೈಲು ನಿಲ್ದಾಣಗಳಲ್ಲಿ ಈ ಹಳದಿಯ ಕಲ್ಲುಗಳನ್ನು ಕಂಡವರು ಅದನ್ನು ಅಲಂಕಾರವೆಂದು ತಿಳಿದು ಅದರ ಮೇಲೆ ಗಂಟುಮೂಟೆಗಳನ್ನಿಡಬಾರದು.

ಕೋಲಿಗೂ ಮಿತಿಯುಂಟು. ಅದು ನೆಲದ ತಗ್ಗನ್ನು ತಿಳಿಸುವದಲ್ಲದೆ ಎದೆಯೆತ್ತರದ ಚಪ್ಪರದ ಹಗ್ಗವನ್ನಾಗಲಿ ಹಣೆಯೆತ್ತರದ ಕೊಂಬೆಯನ್ನಾಗಲಿ ತಿಳಿಸಲಾರದು. ಅರ್ಧ ತೆರೆದ ಬಾಗಿಲು ಮುಖಕ್ಕೆ ಬಡಿಯುವದು. ಸದ್ದಿಲ್ಲದೆ ಬರುವ ವಿದ್ಯುತ್ ಗಾಡಿ ಕಿವಿಯನ್ನು ವಂಚಿಸುವದು. ಜಾತ್ರೆಯ ಧ್ವನಿವರ್ಧಕದ ಅಬ್ಬರದಲ್ಲಿ ಎಲ್ಲ ಗುರುತಿನ ಸದ್ದುಗಳೂ ಮುಳುಗಿಹೋಗುವವು. ಕಣ್ಣುಳ್ಳವರಿಗೆ ಉತ್ಸವವಾದದ್ದು ಅಂಧನಿಗೆ ಕವಿದ ಮಂಜಾಗುವದು.

ನೆರವಿಗೂ ಒಂದು ಕ್ರಮವುಂಟು. ಭಕ್ತಿಯ ಭರದಲ್ಲಿ ಅಂಧನ ರಟ್ಟೆ ಹಿಡಿದೆಳೆಯುವದು, ಬೆನ್ನ ಹಿಂದಿನಿಂದ ನೂಕುವದು, ಅವನ ಕೋಲನ್ನು ಹಿಡಿದು ನಡೆಸುವದು ಇವೆಲ್ಲ ಉಪಕಾರದ ಹೆಸರಿನ ಉಪದ್ರವಗಳು. ಮೊದಲು ಹೆಸರು ಹೇಳಿ, “ಕೈಯಾಸರೆ ಬೇಕೇ?” ಎಂದು ಕೇಳಬೇಕು. ಬೇಡವೆಂದರೆ ಸುಮ್ಮನೆ ಸರಿಯಬೇಕು. ಬೇಕೆಂದರೆ ತೋಳನ್ನು ಕೊಡಬೇಕು. ಅವನು ಮೊಣಕೈಯ ಮೇಲ್ಭಾಗವನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುವನು. ಮೆಟ್ಟಿಲು ಬಂದಾಗ ಕ್ಷಣಕಾಲ ನಿಂತು ಏರುವದೋ ಇಳಿಯುವದೋ ಹೇಳಬೇಕು. “ಅಲ್ಲಿ, ಇಲ್ಲಿ” ಎಂಬ ಮಾತಿನಿಂದ ಪ್ರಯೋಜನವಿಲ್ಲ. “ಎಡಕ್ಕೆ, ನಾಲ್ಕು ಹೆಜ್ಜೆ” ಎನ್ನಬೇಕು. ಬಯಲಿನ ನಡುವೆ ಬಿಡದೆ ಗೋಡೆಯನ್ನೋ ಕಂಬವನ್ನೋ ಮುಟ್ಟಿಸಿ, ಹೊರಟೆನೆಂದು ತಿಳಿಸಿ ಹೋಗಬೇಕು. ಬಿಳಿಕೋಲು ಹಿಡಿದವರಲ್ಲಿ ಅಲ್ಪಸ್ವಲ್ಪ ಕಾಣುವವರೂ ಇರುವರು. ಹಗಲಲ್ಲಿ ನಡೆದವನು ಸಂಜೆ ಎಡವಬಹುದು. ಅಕ್ಷರವನ್ನು ಓದಿದವನಿಗೆ ಪಕ್ಕದ ಕಂಬವು ಕಾಣದಿರಬಹುದು. ಅಂಥವರನ್ನು ಕಪಟಿಗಳೆಂದು ಜರಿಯುವದು ಘೋರ ಅನ್ಯಾಯ.

ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯು ಸಾರ್ವಜನಿಕ ಕಟ್ಟಡಗಳೂ ಸಾರಿಗೆಯೂ ಇವರಿಗೆ ಸುಗಮವಾಗಿರಬೇಕೆಂದು ವಿಧಿಸಿದೆ. ಆದರೆ ಕಾಯಿದೆಯ ಕಣ್ಣು ಬೀಳುವ ಮೊದಲೇ ಭಕ್ತನ ಕಣ್ಣು ಬೀಳಬೇಕು. ಮಠದ ಮಹಾದ್ವಾರದಿಂದ ಗದ್ದುಗೆಯವರೆಗೆ, ಗದ್ದುಗೆಯಿಂದ ಪ್ರಸಾದನಿಲಯದವರೆಗೆ ಒಂದು ದಾರಿಯನ್ನು ಸದಾ ತೆರವಾಗಿಡುವದು, ಪಾದರಕ್ಷೆಗಳ ರಾಶಿಯನ್ನು ಮೆಟ್ಟಿಲಿನಿಂದ ದೂರವಿಡುವದು, ಹಗ್ಗಗಳನ್ನು ನಡೆದಾಡುವ ದಾರಿಗೆ ಅಡ್ಡವಾಗಿ ಕಟ್ಟದಿರುವದು, ಜಾತ್ರೆಯ ಸ್ವಯಂಸೇವಕರಿಗೆ ತೋಳು ಕೊಡುವ ಕ್ರಮವನ್ನು ಕಲಿಸುವದು, ಇಷ್ಟಕ್ಕೆ ಹೆಚ್ಚಿನ ದ್ರವ್ಯವೇನೂ ಬೇಡ, ಲಕ್ಷ್ಯವೊಂದಿದ್ದರೆ ಸಾಕು. ಮುಂಬರುವ ಜಾತ್ರೆಯಲ್ಲಿ ಕಣ್ಣಿಲ್ಲದ ಶರಣನೊಬ್ಬನು ಯಾರ ಕೈಗೂ ಕಾಯದೆ ಗದ್ದುಗೆಗೆ ನಡೆದುಬಂದು, ತನ್ನ ಕಾಯಕದ ಕಾಣಿಕೆಯನ್ನು ತಾನೇ ಅರ್ಪಿಸುವಂತಾದರೆ ಈ ಮಹೋತ್ಸವವು ಸಾರ್ಥಕವಾಗುವದು.