ಯಲಹಂಕ ಬೆಳೆದ ಬಗೆ ಮತ್ತು ನಮ್ಮ ಹೈನುಗಾರಿಕೆ

(ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಕೆಚ್ಚಲು ಬಾವು, ಖನಿಜ ಮಿಶ್ರಣ, ಕೃತಕ ಗರ್ಭಧಾರಣೆ ಇವುಗಳ ವಿಷಯ ಕೇಳಲು ಬಂದ ತಮಗೆ ನಾನು ಇಂದು ಒಂದು ಊರಿನ ವಿಷಯ ಹೇಳಹೊರಟಿದ್ದೇನೆ. ಅದೂ ನಮ್ಮ ಜಿಲ್ಲೆಯ ಊರಲ್ಲ, ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ. ನಮಗೂ ಆ ಊರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಇಲ್ಲಿಗೆ ಬರುವಾಗ ತಿಕೋಟಾ ಕಡೆಯವರು ರಸ್ತೆಯ ಎರಡೂ ಬದಿ ನೆಟ್ಟ ಪ್ಲಾಟಿನ ಕಲ್ಲುಗಳನ್ನು ನೋಡಿಯೇ ಬಂದಿರಬೇಕು. ಆ ಕಲ್ಲುಗಳ ಮುಂದಿನ ಕಥೆ ಏನೆಂದು ತಿಳಿಯಬೇಕಾದರೆ, ಅದು ಆಗಲೇ ನಡೆದುಹೋದ ಊರನ್ನು ನೋಡುವುದು ಲೇಸು.

ರಾಜಧಾನಿಯ ಮಗ್ಗುಲಲ್ಲಿ ಊರು ಬೆಳೆಯುವುದು ನಮಗೇನೂ ಹೊಸದಲ್ಲ. ವಿಜಯಪುರವೇ ಒಂದು ರಾಜಧಾನಿಯಾಗಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನಮ್ಮ ತೊರವಿಯ ಹತ್ತಿರ ನವರಸಪುರ ಎಂಬ ಹೊಸ ಪಟ್ಟಣವನ್ನು ಕಟ್ಟಿಸತೊಡಗಿದ. ಅರಮನೆ, ಪೇಟೆ ಎಲ್ಲ ಎದ್ದವು. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಈಗ ಅಲ್ಲಿ ಮುರುಕು ಗೋಡೆಗಳಿವೆ, ಅವುಗಳ ನಡುವೆ ದನಗಳು ಮೇಯುತ್ತವೆ. ಆ ಪಟ್ಟಣ ಹಾಳಾಗಿ ದನಕ್ಕೆ ಜಾಗ ಸಿಕ್ಕಿತು. ಇಂದಿನ ಪಟ್ಟಣಗಳು ಹಾಗೆ ಹಾಳಾಗುವುದಿಲ್ಲ, ಒಮ್ಮೆ ಹೋದ ಜಾಗ ಮರಳಿ ಬರುವುದೂ ಇಲ್ಲ.

ಇನ್ನು ಯಲಹಂಕಕ್ಕೆ ಬರೋಣ. ಬೆಂಗಳೂರಿಗಿಂತ ಅದು ಹಳೆಯ ಊರು. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದರೆಂದು ಹೇಳುವ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ಅಂದರೆ ಯಲಹಂಕ ತಾಯಿ, ಬೆಂಗಳೂರು ಮಗಳು. ಮಗಳು ಬೆಳೆದು ಕೊನೆಗೆ ತಾಯಿಯನ್ನೇ ತನ್ನ ಮನೆಯೊಳಗೆ ಕರೆದುಕೊಂಡಳು. ಕೆರೆ, ರಾಗಿ ಹೊಲ, ಸಂತೆ ಇವುಗಳ ಊರಾಗಿದ್ದ ಯಲಹಂಕಕ್ಕೆ ಮೊದಲು ಬಂದದ್ದು ಸರ್ಕಾರದ ದೊಡ್ಡ ಕೆಲಸಗಳು. ವಾಯುಪಡೆಯ ನೆಲೆ ಬಂತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಆರಂಭವಾಯಿತು. ಕರ್ನಾಟಕ ಗೃಹ ಮಂಡಳಿ ಉಪನಗರವನ್ನು ಕಟ್ಟಿತು. ನೌಕರಿಯವರು ಬಂದರು, ಅವರಿಗೆ ಮನೆ ಬೇಕಾಯಿತು, ಮನೆಗೆ ಜಾಗ ಬೇಕಾಯಿತು. ಊರು ನಗರಸಭೆಯಾಯಿತು. 2001ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 93 ಸಾವಿರ.

2007ರಲ್ಲಿ ಸರ್ಕಾರ ಯಲಹಂಕವೂ ಸೇರಿ 7 ನಗರಸಭೆಗಳನ್ನು, ಕೆಂಗೇರಿ ಪುರಸಭೆಯನ್ನು ಮತ್ತು ನೂರಕ್ಕೂ ಮಿಕ್ಕಿದ ಹಳ್ಳಿಗಳನ್ನು ಬೆಂಗಳೂರಿಗೆ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿತು. 226 ಚದರ ಕಿ.ಮೀ. ಇದ್ದ ನಗರ 700 ಚದರ ಕಿ.ಮೀ. ದಾಟಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಯಲಹಂಕದಿಂದಾಚೆ ದೇವನಹಳ್ಳಿಯ ಹತ್ತಿರ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಗೆ ಹೋಗುವ ಹೆದ್ದಾರಿ ಈ ಊರಿನ ಮೇಲೆಯೇ. ಆಮೇಲೆ ಆ ಕಡೆಯ ಎಕರೆಗೆ ಬೆಲೆ ಹೇಳುವುದೇ ಕಷ್ಟವಾಯಿತು. ನಮ್ಮ ವಿಜಯಪುರದ ಬುರಣಾಪುರದಲ್ಲಿಯೂ 2021ರಲ್ಲಿ ವಿಮಾನ ನಿಲ್ದಾಣದ ಕೆಲಸ ಆರಂಭವಾದದ್ದು ತಮಗೆ ಗೊತ್ತೇ ಇದೆ.

ಈಗ ನಮ್ಮ ಕಸುಬಿನ ಮಾತು. ಯಲಹಂಕದಲ್ಲಿ ನಮ್ಮ ಮಹಾಮಂಡಳದ್ದೇ ಆದ ಮದರ್ ಡೇರಿ ಇದೆ, ನಂದಿನಿ ಹಾಲಿನ ಪ್ಯಾಕೆಟ್ ತುಂಬುವ ದೊಡ್ಡ ಘಟಕ. ಅಲ್ಲಿಗೆ ಹಾಲು ಬರುವುದು ಬೇರೆ ಜಿಲ್ಲೆಗಳ ಒಕ್ಕೂಟಗಳಿಂದ, ಟ್ಯಾಂಕರುಗಳಲ್ಲಿ. ಊರಿನಲ್ಲಿ ಹಾಲು ಕುಡಿಯುವವರು ಹತ್ತು ಪಟ್ಟಾದರು, ಹಾಲು ಕರೆಯುವವರು ಬೆರಳೆಣಿಕೆಗೆ ಇಳಿದರು. ಪೇಟೆ ದೊಡ್ಡದಾದರೆ ನಮ್ಮ ಹಾಲಿಗೆ ಬೆಲೆ ಎಂದು ನಾವು ಸಂತೋಷಪಡುತ್ತೇವೆ, ಅದು ಸುಳ್ಳಲ್ಲ. ಆದರೆ ಪೇಟೆಯ ಮಗ್ಗುಲಲ್ಲೇ ಇರುವವನಿಗೆ ಆ ಲಾಭ ದಕ್ಕಬೇಕಾದರೆ ಪೇಟೆ ಬರುವ ಹೊತ್ತಿಗೆ ಅವನ ದಡ್ಡಿ ಅಲ್ಲೇ ಇರಬೇಕು. ಯಲಹಂಕದ ಸುತ್ತಿನ ಹಳ್ಳಿಗಳಲ್ಲಿ ಬಹಳ ಜನರಿಗೆ ಅದು ಆಗಲಿಲ್ಲ.

ಕಾರಣ ದುಡ್ಡಿನ ಆಸೆಯೊಂದೇ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲು ಹೋಗುವುದು ಸ್ವಂತ ಹೊಲವಲ್ಲ, ಎಲ್ಲರದ್ದೆನ್ನುವ ಜಾಗ. ದಕ್ಷಿಣದವರು ಗೋಮಾಳ ಅನ್ನುವುದನ್ನೇ ನಾವು ಗಾಯರಾಣ ಅನ್ನುತ್ತೇವೆ. ಕರಡದ ಹುಲ್ಲು, ಕೆರೆಯಂಗಳದ ಹುಲ್ಲು, ದನ ನಡೆಯುವ ದಾರಿ ಇವು ಹೋದ ಮೇಲೆ ಮೇವನ್ನೆಲ್ಲ ಕೊಂಡೇ ಹಾಕಬೇಕು. ಆ ಮೇಲೆ ಕೆರೆಯ ನೀರು. ಬೆಂಗಳೂರಿನ ಕೆರೆಗಳಿಗೆ ಚರಂಡಿ ನೀರು ಹರಿದು ಏನಾಯಿತೆಂಬುದಕ್ಕೆ ಬೆಳ್ಳಂದೂರು ಕೆರೆಯ ನೊರೆ ಮತ್ತು ಬೆಂಕಿಯನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. ಅಂಥ ನೀರಿನ ಹುಲ್ಲು ಪುಕ್ಕಟೆ ಸಿಗುತ್ತದೆ, ಹಸಿರಾಗಿಯೂ ಇರುತ್ತದೆ. ಕಾರ್ಖಾನೆಯ ನೀರು ಕೂಡಿದ್ದರೆ ಸೀಸದಂಥ ಭಾರಲೋಹಗಳು ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿಗೆ ಬರುತ್ತವೆ. ಕಾಯಿಸಿದರೆ ಅವು ಹೋಗುವುದಿಲ್ಲ. ಯಲಹಂಕದ ಪಕ್ಕದ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕ ಹಾಕಿ, ಅದರ ನೀರನ್ನು ಜೌಗಿನಲ್ಲಿ ಹಾಯಿಸಿ ಕೆರೆಗೆ ಬಿಟ್ಟರು, ಕೆರೆ ಚೇತರಿಸಿಕೊಂಡಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದನ್ನು ಹೇಳಿದೆ.

ಮೂರನೆಯದು ನೆರೆಹೊರೆ. ಹಳ್ಳಿ ವಾರ್ಡ್ ಆದೊಡನೆ ತಿಪ್ಪೆ ತಕರಾರಿನ ವಸ್ತುವಾಗುತ್ತದೆ. ನಿನ್ನೆ ನಿಮ್ಮ ಹೊಲದ ಅಂಚಿನಲ್ಲಿ ಪ್ಲಾಟು ಕೊಂಡು ಮನೆ ಕಟ್ಟಿದವರು ಇಂದು ಸಗಣಿ ವಾಸನೆ ಎಂದು ಅರ್ಜಿ ಕೊಡುತ್ತಾರೆ. ಅವರು ಬೆಳಿಗ್ಗೆ ಕುಡಿಯುವ ಚಹಾದ ಹಾಲು ಎಲ್ಲಿಂದ ಬಂತೆಂದು ಕೇಳಬೇಕೆನ್ನಿಸುತ್ತದೆ, ಆದರೆ ಕಾನೂನು ಅವರ ಕಡೆ ಇರುತ್ತದೆ. ಅರ್ಜಿಯ ಮಾತು ಬಂದಾಗ ಕೇಳುವವರಾದರೂ ಇರಬೇಕಲ್ಲ? ಗ್ರಾಮ ಪಂಚಾಯತಿ ಸದಸ್ಯ ನಮ್ಮ ಓಣಿಯವನು. 2007ರಲ್ಲಿ ಕೂಡಿಸಿದ ಊರುಗಳಿಗೆ ಪಾಲಿಕೆಯ ಚುನಾವಣೆ ನಡೆದದ್ದು 2010ರಲ್ಲಿ. 2020ರ ಸೆಪ್ಟೆಂಬರಿಗೆ ಸದಸ್ಯರ ಅವಧಿ ಮುಗಿದ ಮೇಲೆ ಮತ್ತೆ ವರ್ಷಗಟ್ಟಲೆ ಚುನಾವಣೆಯಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ದೊಡ್ಡ ಪಾಲಿಕೆಯನ್ನು ಒಡೆದು 5 ಪಾಲಿಕೆ ಮಾಡಿದರು. ನಮ್ಮ ವಿಜಯಪುರವೂ ನಗರಸಭೆಯಿಂದ ಮಹಾನಗರ ಪಾಲಿಕೆಯಾದ ಮೇಲೆ ಮೊದಲ ಚುನಾವಣೆಗೆ 2022ರ ಅಕ್ಟೋಬರ್ ತನಕ ಕಾಯಬೇಕಾಯಿತು.

ಇಷ್ಟೆಲ್ಲ ಕೇಳಿ, ಹಾಗಾದರೆ ಏನೂ ಮಾಡುವಂತಿಲ್ಲವೇ ಎಂದು ಕೈಚೆಲ್ಲಬೇಡಿ. ಯಲಹಂಕದಾಚೆ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ತೆಗೆದುಕೊಳ್ಳಲು ಹೊರಟಿದ್ದರು. ಅಲ್ಲಿಯ ರೈತರು, ಅವರಲ್ಲಿ ನಮ್ಮಂಥ ಹೈನುಗಾರರೂ ಇದ್ದಾರೆ, 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಅಷ್ಟು ದಿನ ಕೂರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅದಕ್ಕಿಂತ ಮುಂಚೆ, ಕಡಿಮೆ ಖರ್ಚಿನಲ್ಲಿ ಮಾಡಬಹುದಾದದ್ದನ್ನು ಹೇಳುತ್ತೇನೆ, ದಯವಿಟ್ಟು ಲಕ್ಷ್ಯಗೊಟ್ಟು ಕೇಳಿರಿ.

ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೆಯ ನಿಯಮದಂತೆ ಗ್ರಾಮದ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗಾಯರಾಣ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಜಾಗವನ್ನು ಬೇರೆ ಕೆಲಸಕ್ಕೆ ಬಿಡಲು ದಾರಿಯಾಗುತ್ತದೆ. ಹಾಗಾದರೆ ದನ ಎಷ್ಟಿವೆ ಎನ್ನುವುದನ್ನು ಯಾವುದರಿಂದ ನೋಡುತ್ತಾರೆ? ಜಾನುವಾರು ಗಣತಿಯಿಂದ. ಒಂದು ಊರಿನಲ್ಲಿ 400 ದನಗಳಿದ್ದರೆ 48 ಹೆಕ್ಟೇರ್ ಬೇಕು. ಗಣತಿಯವರು ಬಂದಾಗ ದನಗಳು ಹೊಲದಲ್ಲಿದ್ದವು, ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಳು, ಮೇಲಾಗಿ ಏನಾದರೂ ತೆರಿಗೆ ಬಂದೀತೆಂಬ ಹೆದರಿಕೆ, ಹೀಗೆ 250 ಎಂದು ಬರೆದುಹೋಯಿತು ಎನ್ನಿ. ಆಗ 30 ಹೆಕ್ಟೇರ್ ಸಾಕು. ಹೆಚ್ಚುಕಡಿಮೆ 44 ಎಕರೆ ಗಾಯರಾಣ ಕಾಗದದ ಮೇಲೆ ಹೆಚ್ಚಿನದಾಯಿತು! ಯಾರೂ ಕದಿಯಲಿಲ್ಲ, ನಾವೇ ಲೆಕ್ಕ ಕೊಡಲಿಲ್ಲ. 20ನೆಯ ಗಣತಿ 2019ರದು, 21ನೆಯದು 2024ರ ಅಕ್ಟೋಬರಿನಲ್ಲಿ ಶುರುವಾಯಿತು. ತಮ್ಮ ಗ್ರಾಮದ ಅಂಕಿಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ, ಸಂಘದ ಸದಸ್ಯರ ದನಗಳ ಪಟ್ಟಿಯ ಜೊತೆಗೆ ತಾಳೆ ನೋಡಿರಿ. ಕಿವಿಗೆ 12 ಅಂಕಿಯ ಓಲೆ ಹಾಕಿಸಲು ಹಿಂದೇಟು ಹಾಕುವವರಿಗೂ ಇದೇ ಮಾತು.

ಎಚ್.ಎಫ್. ಆಕಳು ದಡ್ಡಿ ಬಿಟ್ಟು ಹೊರಗೆ ಬರುವುದಿಲ್ಲ, ಗಾಯರಾಣ ನಮಗೇಕೆ ಎಂದು ಬಬಲೇಶ್ವರ ಕಡೆಯ ಸದಸ್ಯರೊಬ್ಬರು ಈಗ ತಾನೇ ಕೇಳಿದರು. ಒಳ್ಳೆಯ ಪ್ರಶ್ನೆ. ನಿಮ್ಮ ಎತ್ತುಗಳು, ಮಣಕಗಳು, ಬತ್ತಿದ ಎಮ್ಮೆಗಳು ಎಲ್ಲಿ ಮೇಯುತ್ತವೆ? ನಾಳೆ ಪಶು ಚಿಕಿತ್ಸಾಲಯಕ್ಕೆ, ನೀರಿನ ದೋಣಿಗೆ, ಸಂಘದ ಮೇವಿನ ತಾಕಿಗೆ ಜಾಗ ಬೇಕೆಂದರೆ ಊರೊಳಗೆ ಎಲ್ಲಿದೆ? ಗ್ರಾಮದ ಸಾಮೂಹಿಕ ಜಮೀನುಗಳ ಅತಿಕ್ರಮಣ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿಯೇ ಹೇಳಿದೆ. ಆದರೆ ಗಾಯರಾಣದ ಉತಾರ ತೆಗೆಸಿ ನೋಡುವವರು ನಮ್ಮಲ್ಲಿ ಎಷ್ಟು ಜನ?

ಇನ್ನು ಸ್ವಂತ ಹೊಲ. ಎನ್.ಎ. ಮಾಡಿಸಿ ಪ್ಲಾಟು ಹಾಕುವವರನ್ನು ನಾನು ಬೇಡವೆನ್ನಲಾರೆ. ಮಗಳ ಮದುವೆ, ಮಗನ ಓದು, ಸಾಲ ಎಲ್ಲರಿಗೂ ಇರುತ್ತದೆ. ಲೆಕ್ಕ ಮಾತ್ರ ಹಾಕಿರಿ. ಮಿಶ್ರತಳಿ ಆಕಳೊಂದಕ್ಕೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿ ಮೇವು, 5-6 ಕೆ.ಜಿ. ಕಣಿಕಿ ಅಥವಾ ಬೇರೆ ಒಣ ಮೇವು ಬೇಕು. ವರ್ಷಕ್ಕೆ ಹಸಿ ಮೇವೇ 7ರಿಂದ 9 ಟನ್. ನೀರಿದ್ದರೆ 10 ಗುಂಟೆ ನೇಪಿಯರ್ ಎರಡು ಮೂರು ಆಕಳುಗಳಿಗೆ ಸಾಲುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ಆ ನೀರಿನ ಆಸೆ ನಮಗೂ ಹುಟ್ಟಿದೆ. ಅದೇ 10 ಗುಂಟೆಯಲ್ಲಿ 30 × 40ರ ಪ್ಲಾಟು, ರಸ್ತೆ ಬಿಟ್ಟು ಐದಾರು ಆಗುತ್ತವೆ. ಮಾರಲೇಬೇಕಾದರೆ ಎಲ್ಲವನ್ನೂ ಮಾರದೆ, ದಡ್ಡಿಯ ಬೆನ್ನಿಗಿರುವ ಹತ್ತು ಗುಂಟೆಯನ್ನು ಕೊನೆಗೆ ಇಟ್ಟುಕೊಳ್ಳಿರಿ. ದೂರದ ತುಂಡನ್ನು ಮೊದಲು ಕೊಡಿರಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ, ಏಕೆಂದರೆ ರಸ್ತೆಗೆ ಹತ್ತಿದ ತುಂಡಿಗೇ ಹೆಚ್ಚು ಬೆಲೆ.

ನಗರಾಭಿವೃದ್ಧಿ ಪ್ರಾಧಿಕಾರದವರು ಮಹಾಯೋಜನೆಯ ಕರಡು ಹೊರಡಿಸಿದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶವಿದೆ. ಯಾವ ಸರ್ವೆ ನಂಬರು ವಸತಿ, ಯಾವುದು ಕೃಷಿ ವಲಯ, ಯಾವ ರಸ್ತೆ ನಿಮ್ಮ ದಡ್ಡಿಯ ಮೇಲೆ ಹಾಯುತ್ತದೆ, ಎಲ್ಲ ಆ ನಕಾಶೆಯಲ್ಲಿ ಇರುತ್ತದೆ. ಒಬ್ಬೊಬ್ಬರೇ ಅರ್ಜಿ ಬರೆಯುವ ಬದಲು ಸಂಘದ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಸರ್ವೆ ನಂಬರುಗಳನ್ನು ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಹೇಳಿದಂತಲ್ಲ.

ಕೊನೆಗೆ ಸಂಘದ ಕಟ್ಟಡ. ಪಂಚಾಯತಿಯವರು ಪ್ರೀತಿಯಿಂದ ಕೊಟ್ಟ ಜಾಗದಲ್ಲಿ ಕಟ್ಟಿದ ಸಂಘಗಳಿವೆ, ಕಾಗದವಿಲ್ಲ. ಊರು ಪಾಲಿಕೆಗೆ ಸೇರಿದ ದಿನ ಪಂಚಾಯತಿಯ ದಫ್ತರವೆಲ್ಲ ಕೈಬದಲಾಗುತ್ತದೆ, ಆಗ ಹಳೆಯ ಮಾತಿಗೆ ಸಾಕ್ಷಿ ಇರುವುದಿಲ್ಲ. ಈಗ ಪಂಚಾಯತಿ ಇರುವಾಗಲೇ ಠರಾವಿನ ನಕಲು, ಜಾಗದ ಉತಾರ ಸಂಘದ ಹೆಸರಿಗೆ ಮಾಡಿಸಿಕೊಳ್ಳಿರಿ. ಕಾರ್ಯದರ್ಶಿಗಳು ಮುಂದಿನ ಸಭೆಗೆ ಬರುವಾಗ ಆ ಕಾಗದಗಳನ್ನು ತಂದು ತೋರಿಸಲಿ.

ಇನ್ನು ತಾವು ಪ್ರಶ್ನೆ ಕೇಳಬಹುದು. ತಿಕೋಟಾ ಕಡೆಯವರಿಗೆ ಸಂಜೆಯ ಹಾಲಿಗೆ ಹೊತ್ತಾಗುತ್ತದೆ, ಮೊದಲು ಅವರೇ ಕೇಳಲಿ.